ಕನಸಿನ ಹಳೆಯ ಗಿಟಾರ್ ಕೊಳ್ಳುವ ಮುನ್ನ: ರಿಪೇರಿಯವರೊಂದಿಗೆ ಪ್ರಶ್ನೋತ್ತರ

ರಿಪೇರಿ ಮೇಜು: ಇಪ್ಪತ್ತು ವರ್ಷಗಳಿಂದ ಗಿಟಾರ್ ರಿಪೇರಿಯೇ ನನ್ನ ಕಸುಬು. ಹಳೆಯ ಅಕೌಸ್ಟಿಕ್ ಗಿಟಾರ್ ಕೊಳ್ಳಲು ಹೊರಟವರು ಇಲ್ಲಿ ಕೇಳಬಹುದು. ಗಿಟಾರಿನ ಹೆಸರು, ವರ್ಷ, ಹನ್ನೆರಡನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ಇಷ್ಟನ್ನು ತಪ್ಪದೆ ಬರೆಯಿರಿ. ಫ್ರೆಟ್ ಎಂದರೆ ನೆಕ್ (ಗಿಟಾರಿನ ಕುತ್ತಿಗೆ) ಮೇಲಿನ ಅಡ್ಡ ಲೋಹದ ಪಟ್ಟಿ.

ಹೊಸ ಬೆರಳು: ಮೇಡಂ, ನಾನು ನೋಡಿದ ಮಾರ್ಟಿನ್ ಕಂಪನಿಯ ಹಳೆಯ ಗಿಟಾರಿನ ಮುಂಭಾಗದ ಹಲಗೆಯಲ್ಲಿ, ಪಿಕ್‌ಗಾರ್ಡ್ (ಮರ ಗೀಚದಂತೆ ಅಂಟಿಸಿದ ತೆಳು ಹಾಳೆ) ಪಕ್ಕದಲ್ಲಿ, ಉದ್ದಕ್ಕೆ ಒಂದು ಬಿರುಕಿದೆ. ಕೈಬಿಡಬೇಕೇ?

ರಿಪೇರಿ ಮೇಜು: ಅದೊಂದಕ್ಕೇ ಬಿಡಬೇಡಿ. ಆ ಕಾಲದ ಪಿಕ್‌ಗಾರ್ಡ್ ಸೆಲ್ಯುಲಾಯ್ಡ್‌ನದು, ವರ್ಷ ಕಳೆದಂತೆ ಕುಗ್ಗುತ್ತದೆ. 1980ರ ದಶಕದವರೆಗೂ ಮಾರ್ಟಿನ್‌ನವರು ಅದನ್ನು ಬರಿಯ ಮರಕ್ಕೆ ಅಂಟಿಸಿ, ಆಮೇಲೆ ಲ್ಯಾಕರ್ ಹೊಡೆಯುತ್ತಿದ್ದರು. ಕುಗ್ಗುವ ಪಿಕ್‌ಗಾರ್ಡ್ ಮರವನ್ನೂ ಎಳೆದು ಸೀಳುತ್ತದೆ. ಒಳಗಿನಿಂದ ಚಿಕ್ಕ ಮರದ ಬಿಲ್ಲೆಗಳನ್ನು ಅಂಟಿಸಿದರೆ ಬಿರುಕು ಮುಂದುವರಿಯುವುದಿಲ್ಲ. ಆದರೆ ಉಗುರು ಹಾಯಿಸಿದಾಗ ಬಿರುಕಿನ ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ ತಾಗಿದರೆ, ಇಲ್ಲವೇ ಬಿರುಕು ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ ಮರದ ಪಟ್ಟಿ) ಅಡಿಗೆ ಹೊಕ್ಕಿದ್ದರೆ, ಬಲ್ಲವರಿಗೆ ತೋರಿಸದೆ ಕೊಳ್ಳಬೇಡಿ.

ಎಡಗೈ: ನಾನು ಎಡಗೈಯವನು. ಹಳೆಯ ಗಿಟಾರಿನ ತಂತಿಗಳನ್ನು ಅದಲುಬದಲು ಮಾಡಿ ನುಡಿಸಬಹುದೇ?

ಆರನೇ ತಂತಿ: ನಮಸ್ಕಾರ ಮೇಡಂ. ಹದಿನಾಲ್ಕನೇ ವಯಸ್ಸಿನಿಂದ ಮನಸ್ಸಿನಲ್ಲಿದ್ದ ಗಿಟಾರ್ ಈಗ ಕೈಗೆ ಸಿಗುವಂತಿದೆ. ಮಾರ್ಟಿನ್ ಡಿ-28, 1968ರದು, ಹಿಂಭಾಗ ಬ್ರೆಜಿಲ್‌ನ ರೋಸ್‌ವುಡ್ ಎಂದು ಮಾರುವವರು ಹೇಳುತ್ತಾರೆ. ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪ ತಂತಿ 4 ಮಿಲಿಮೀಟರ್ ಎತ್ತರದಲ್ಲಿದೆ. ಬ್ರಿಡ್ಜ್ ಮೇಲೆ ಸ್ಯಾಡಲ್ (ತಂತಿಗಳನ್ನು ಎತ್ತಿಹಿಡಿಯುವ ಸಣ್ಣ ಪಟ್ಟಿ) ಕಂಡೂ ಕಾಣದಷ್ಟಿದೆ. ‘ಹೋದ ತಿಂಗಳು ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ತಿರುಗಿಸಿದ್ದೆ, ಇನ್ನೊಂದು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ’ ಎಂದರು. ಒಂದೇ ಒಂದು ಇ ಮೇಜರ್ ನುಡಿಸಿದೆ. ಎದೆಗೆ ತಾಗಿದ ಆ ಕಂಪನ ಇನ್ನೂ ಹೋಗಿಲ್ಲ. ಮುಂಗಡ ಕೊಡಲೇ?

ರಿಪೇರಿ ಮೇಜು: ಈಗಲೇ ಕೊಡಬೇಡಿ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಟ್ರಸ್ ರಾಡ್ ಮಾತು ನನ್ನನ್ನು ಕಾಡುತ್ತಿದೆ. ಮಾರ್ಟಿನ್ ಗಿಟಾರುಗಳಿಗೆ ತಿರುಗಿಸಬಲ್ಲ ಟ್ರಸ್ ರಾಡ್ ಬಂದದ್ದೇ 1985ರಲ್ಲಿ. 1968ರ ನೆಕ್‌ನೊಳಗೆ ಇರುವುದು ಉಕ್ಕಿನ ಚೌಕ ಕೊಳವೆ, ಅದಕ್ಕೆ ತಿರುಪು ಇಲ್ಲ. ಹಾಗಾದರೆ ಅವರು ಹೋದ ತಿಂಗಳು ಏನನ್ನು ತಿರುಗಿಸಿದರು? ಅವರು ತಿಳಿಯದೆ ಆಡಿದ ಮಾತಿರಬಹುದು. ಗಿಟಾರೇ 1968ರದ್ದಲ್ಲದಿರಬಹುದು. ಹಿಂದೆ ಯಾರೋ ನೆಕ್ ಬಿಚ್ಚಿ ಬೇರೆ ರಾಡ್ ಹಾಕಿರಲೂಬಹುದು.

ತಂತಿ ಸಡಿಲಿಸಿ, ಸೌಂಡ್ ಹೋಲ್‌ನಿಂದ ಮೊಬೈಲ್ ಕ್ಯಾಮೆರಾ ಒಳಗಿಟ್ಟು ನೆಕ್ ಬ್ಲಾಕಿನ (ನೆಕ್ ಸೇರುವ ಒಳಗಿನ ಮರದ ತುಂಡು) ಚಿತ್ರ ತೆಗೆಯಿರಿ. ಮಾದರಿಯ ಹೆಸರು, ಕ್ರಮಸಂಖ್ಯೆ ಎರಡೂ ಮರಕ್ಕೆ ಒತ್ತಿರುತ್ತವೆ. ಯಾವ ವರ್ಷ ಯಾವ ಸಂಖ್ಯೆಗೆ ಮುಗಿಯಿತು ಎಂಬ ಪಟ್ಟಿಯನ್ನು ಕಂಪನಿಯೇ ಪ್ರಕಟಿಸಿದೆ. ಅಲ್ಲೇ ಫಿಂಗರ್‌ಬೋರ್ಡಿನ ಅಡಿಯಲ್ಲಿ ಕೀಲಿ ತೂರಿಸುವ ತಿರುಪು ಕಂಡರೆ ತಕ್ಷಣ ನನಗೆ ತಿಳಿಸಿ. ವರ್ಷಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. 1969ರಲ್ಲಿ ಮಾರ್ಟಿನ್ ಕಂಪನಿಯವರು ಡಿ-28ಕ್ಕೆ ಬ್ರೆಜಿಲ್ ಮರ ಬಿಟ್ಟು ಭಾರತದ ರೋಸ್‌ವುಡ್ ಆದ ಬೀಟೆಗೆ ಬಂದರು. ಮಾರುವವರು ಕೇಳುತ್ತಿರುವ ಬೆಲೆ ಆ ಒಂದು ವರ್ಷದ ಮೇಲೆ ನಿಂತಿದೆ.

ಇನ್ನು 4 ಮಿಲಿಮೀಟರ್. ಇದು ಟ್ರಸ್ ರಾಡ್‌ನಿಂದ ಸರಿಹೋಗುವ ತೊಂದರೆಯೇ ಅಲ್ಲ. ಆರು ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ಅರ್ಧ ಶತಮಾನ ಹಾಗೆ ಎಳೆಸಿಕೊಂಡ ಗಿಟಾರಿನ ಒಡಲು ನಿಧಾನವಾಗಿ ಮಣಿದು ನೆಕ್‌ನ ಕೋನ ಬದಲಾಗುತ್ತದೆ, ತಂತಿ ಮೇಲೇಳುತ್ತದೆ. ಅದನ್ನು ಮುಚ್ಚಲು ಮೊದಲು ಸ್ಯಾಡಲ್ ಉಜ್ಜುತ್ತಾರೆ. ಸ್ಯಾಡಲ್ ಮುಗಿದ ಮೇಲೆ ಬ್ರಿಡ್ಜ್‌ನ ಮರವನ್ನೇ ಹೆರೆಯುತ್ತಾರೆ. ಉದ್ದನೆಯ ನೇರ ಅಳತೆಪಟ್ಟಿಯನ್ನು ಫ್ರೆಟ್‌ಗಳ ಮೇಲೆ ಮಲಗಿಸಿ ಬ್ರಿಡ್ಜ್ ಕಡೆಗೆ ಸರಿಸಿ. ತುದಿ ಬ್ರಿಡ್ಜ್‌ನ ಮೇಲ್ಮೈಯನ್ನು ಸವರಿಕೊಂಡು ಹೋದರೆ ನೆಕ್ ಸರಿಯಿದೆ. ಬ್ರಿಡ್ಜ್‌ನ ಎದುರು ಮುಖಕ್ಕೆ ಬಡಿದರೆ ನೆಕ್ ರೀಸೆಟ್ ಬೇಕು. ಬ್ರಿಡ್ಜ್‌ನ ದಪ್ಪವನ್ನೂ ಅಳೆಯಿರಿ, ಸುಮಾರು 9 ಮಿಲಿಮೀಟರ್ ಇರಬೇಕು. ತೆಳು ಕಾಗದವೊಂದನ್ನು ಬ್ರಿಡ್ಜ್‌ನ ಹಿಂದಿನ ಅಂಚಿಗೆ ತೂರಿಸಿ ನೋಡಿ. ಒಳಗೆ ನುಗ್ಗಿದರೆ ಅಂಟು ಬಿಟ್ಟಿದೆ ಎಂದೇ ಅರ್ಥ.

ರೀಸೆಟ್ ಎಂದರೆ ಹೆದರಬೇಡಿ. ಹದಿನೈದನೇ ಫ್ರೆಟ್ ಕಿತ್ತು, ಆ ಸಂದಿನಲ್ಲಿ ಸಣ್ಣ ತೂತು ಕೊರೆದು ನೆಕ್ ಮತ್ತು ಒಡಲು ಸೇರುವ ಡವ್‌ಟೇಲ್ ಕೀಲಿಗೆ ಹಬೆ ಬಿಡುತ್ತೇವೆ. ಅಂಟು ಮೆತ್ತಗಾದಾಗ ನೆಕ್ ಕಳಚಿ ಬರುತ್ತದೆ. ಅದರ ಹಿಮ್ಮಡಿಯಿಂದ ಕೂದಲೆಳೆಯಷ್ಟು ಮರ ಕೆತ್ತಿ ಕೋನ ಸರಿಪಡಿಸಿ ಮತ್ತೆ ಕೂರಿಸುತ್ತೇವೆ. ಒಳ್ಳೆಯ ಹಳೆಯ ಗಿಟಾರಿಗೆ ಒಂದಲ್ಲ ಒಂದು ದಿನ ಇದು ಬೇಕೇ ಬೇಕು. ಆ ಖರ್ಚು ಮಾತ್ರ ಬೆಲೆಯಲ್ಲಿ ಕಳೆಯಬೇಕು.

ಶುಭೋದಯ: ನನಗೆ ಬಂದ ಸಂದೇಶ, ಎಲ್ಲರಿಗೂ ಉಪಯೋಗವಾಗಲಿ: ‘ತಂತಿ ಎತ್ತರವಾಗಿದ್ದರೆ ಗಿಟಾರನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಗಂಟೆ ಇಟ್ಟು, ನೆಕ್ ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ಆಡಿಸಿ. ಬ್ರಿಡ್ಜ್ ಎದ್ದಿದ್ದರೆ ಸೂಪರ್ ಗ್ಲೂ ಬಿಡಿ.’

ರಿಪೇರಿ ಮೇಜು: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಬಿಸಿಲು ಮತ್ತು ಇಸ್ತ್ರಿ ಪೆಟ್ಟಿಗೆ ಎಲ್ಲ ಕೀಲುಗಳ ಅಂಟನ್ನೂ ಒಟ್ಟಿಗೆ ಸಡಿಲಿಸುತ್ತವೆ, ಲ್ಯಾಕರ್ ಗುಳ್ಳೆಯೇಳುತ್ತದೆ. ಸೂಪರ್ ಗ್ಲೂ ಬಿಟ್ಟ ಬ್ರಿಡ್ಜ್ ಮುಂದೆ ಕೀಳುವಾಗ ಮುಂಭಾಗದ ಸ್ಪ್ರೂಸ್ ಮರದ ಎಳೆಗಳನ್ನೂ ಕಿತ್ತುಕೊಂಡು ಬರುತ್ತದೆ. ಅಂಥ ಹಲಗೆಯ ತರಚಿದ ಗಾಯವನ್ನು ನನ್ನ ಕೈಯಾರೆ ತುಂಬಿದ್ದೇನೆ. ಮೊದಲಿನಂತೆ ಆಗುವುದಿಲ್ಲ.

ಶುಭೋದಯ: ತುಂಬಾ ಜನರಿಗೆ ಉಪಯೋಗವಾಗಿದೆ ಎಂದು ಬರೆದಿತ್ತು.

ರಿಪೇರಿ ಮೇಜು: ಬರೆದವರು ಗಿಟಾರ್ ಬಿಚ್ಚಿ ನೋಡಿದವರಲ್ಲ. ಅಳಿಸಿಬಿಡಿ.

ಗಾಳಿಪಟ: ತಂತಿಯ ಎತ್ತರ ಎಷ್ಟಿರಬೇಕು?

ರಿಪೇರಿ ಮೇಜು: ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪ ತಂತಿ 2.5, ತೆಳು ತಂತಿ 2 ಮಿಲಿಮೀಟರ್ ಆಸುಪಾಸು.

ತರ್ಕ: ಬ್ರೆಜಿಲ್ ಮರಕ್ಕೆ ಇಷ್ಟೊಂದು ಹಣ ಏಕೆ ಸುರಿಯಬೇಕು? ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 52 ಗಿಟಾರ್ ವಾದಕರು ಮಂದ ಬೆಳಕಿನಲ್ಲಿ ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ಆರು ಗಿಟಾರ್ ನುಡಿಸಿದರು. ಮರ ಮರಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಳೆಯ ಗಿಟಾರಿನ ನಾದ ಎಂಬುದೆಲ್ಲ ಭ್ರಮೆ.

ಹಳೇ ರಾಗ: ಭ್ರಮೆಯೇ? ನಲವತ್ತು ವರ್ಷ ನುಡಿಸಿದ ಮರ ತೆರೆದುಕೊಳ್ಳುವುದನ್ನು ಕಿವಿಯಿದ್ದವರು ಕೇಳಿದ್ದಾರೆ.

ಮಂದ್ರ: ಇಬ್ಬರೂ ನಿಲ್ಲಿಸಿ. ಆ ಆರೂ ಒಬ್ಬರೇ ತಯಾರಕರ ಗಿಟಾರುಗಳು. ಬೇರೆಯಾಗಿದ್ದದ್ದು ಹಿಂಭಾಗ ಮತ್ತು ಪಕ್ಕದ ಮರ ಮಾತ್ರ. ಮರದ ವಯಸ್ಸಿನ ಬಗ್ಗೆ ಆ ಪ್ರಯೋಗ ಏನನ್ನೂ ಹೇಳುವುದಿಲ್ಲ.

ತರ್ಕ: ಹಿಂಭಾಗದ ಮರಕ್ಕೇ ತಾನೇ ಬೆಲೆ ಕೇಳುತ್ತಿರುವುದು? ಓದುವ ತಾಳ್ಮೆ ಇರಲಿ.

ಹಳೇ ರಾಗ: ತಾಳ್ಮೆಯ ಪಾಠ ನಿಮ್ಮಿಂದ ಬೇಡ. ಗಿಟಾರ್ ಹಿಡಿದು ಎಷ್ಟು ವರ್ಷವಾಯಿತು?

ತರ್ಕ: ಅದಕ್ಕೂ ಇದಕ್ಕೂ ಏನು ಸಂಬಂಧ?

ಹಳೇ ರಾಗ: ಸಂಬಂಧ ಇದೆ ಎಂಬುದೇ ನಿಮಗೆ ಗೊತ್ತಿಲ್ಲ.

ಪಯಣ: ಮೇಡಂ, ಬ್ರೆಜಿಲ್ ರೋಸ್‌ವುಡ್ ಗಿಟಾರನ್ನು ಬೇರೆ ದೇಶದಿಂದ ತರಿಸಬಹುದೇ?

ರಿಪೇರಿ ಮೇಜು: ಪರವಾನಗಿ ಇಲ್ಲದೆ ಸಾಧ್ಯವಿಲ್ಲ. 1992ರಿಂದ ಆ ಮರ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಬೀಟೆಯ ಸಿದ್ಧ ವಾದ್ಯಗಳಿಗೆ 2019ರಲ್ಲಿ ಕೊಟ್ಟ ವಿನಾಯಿತಿ ಇದಕ್ಕೆ ಅನ್ವಯಿಸುವುದಿಲ್ಲ. ಕಾಗದಪತ್ರ ಕಣ್ಣಾರೆ ನೋಡದೆ ಹಣ ಕಳುಹಿಸಬೇಡಿ.

ಕಂಬಳಿಹುಳು: ಗಿಬ್ಸನ್ ಕಂಪನಿಯ ಹಳೆಯ ಗಿಟಾರಿನ ವರ್ಷವನ್ನೂ ಸಂಖ್ಯೆಯಿಂದ ತಿಳಿಯಬಹುದೇ?

ರಿಪೇರಿ ಮೇಜು: 1960ರ ದಶಕದ್ದಾದರೆ ಸಂಖ್ಯೆಯೊಂದನ್ನೇ ನಂಬಬೇಡಿ. ಒಂದೇ ಸಂಖ್ಯೆ ಬೇರೆ ಬೇರೆ ವರ್ಷ ಮತ್ತೆ ಬಂದಿದೆ.

ವೀಣಾಪ್ರಿಯ: ಬಿರುಕಿರುವ ಹಳೆಯ ಗಿಟಾರ್ ಕೊಳ್ಳಬಹುದೇ?

ರಿಪೇರಿ ಮೇಜು: ಮೊದಲ ಉತ್ತರ ಓದಿ.

ತಬ್ಬಿಬ್ಬು: ತಂತಿ ಎಷ್ಟು ಎತ್ತರ ಇರಬೇಕು ಮೇಡಂ?

ರಿಪೇರಿ ಮೇಜು: ಮೇಲೆ ಇದೆ.

ಶುಭೋದಯ: ಇನ್ನೊಂದು ಬಂದಿದೆ: ‘ಪೆಟ್ಟಿಗೆಯೊಳಗೆ ರಾತ್ರಿಯಿಡೀ ಬಟ್ಟಲು ನೀರು ಇಟ್ಟರೆ ಬಿರುಕು ತಾನಾಗಿ ಕೂಡಿಕೊಳ್ಳುತ್ತದೆ.’

ರಿಪೇರಿ ಮೇಜು: ಒಣಗಿ ಬಿಟ್ಟ ಬಿರುಕು ತೇವಕ್ಕೆ ಹತ್ತಿರವಾಗುತ್ತದೆ, ಅಂಟಿಕೊಳ್ಳುವುದಿಲ್ಲ. ಬಟ್ಟಲು ಮಗುಚಿದರೆ ಒಳಗಿನ ಆಸರೆ ಪಟ್ಟಿಗಳಾದ ಬ್ರೇಸ್‌ಗಳು ಬಿಟ್ಟುಕೊಳ್ಳುತ್ತವೆ. ಕೋಣೆಯ ತೇವಾಂಶವನ್ನು ಶೇಕಡ 45ರಿಂದ 55ರೊಳಗೆ ಇಡಿ, ಅಷ್ಟು ಸಾಕು. ಇನ್ನೊಮ್ಮೆ ಇಂಥದ್ದನ್ನು ಇಲ್ಲಿ ಹಾಕಬೇಡಿ. ನಂಬಿ ಮಾಡಿದವರ ಗಿಟಾರ್ ನನ್ನ ಮೇಜಿಗೆ ಬರುತ್ತದೆ.

ಶುಭೋದಯ: ಒಳ್ಳೆಯದಕ್ಕೆಂದು ಹಾಕಿದೆ. ಇಷ್ಟು ಕಟುವಾಗಿ ಹೇಳಬೇಕಿತ್ತೇ?

ಎಡಗೈ: ನನ್ನ ಪ್ರಶ್ನೆಯನ್ನು ಯಾರಾದರೂ ನೋಡಿದಿರಾ?

ಹಳೇ ರಾಗ: ತರ್ಕ ಅವರೇ, ಉತ್ತರ ಇನ್ನೂ ಬರಲಿಲ್ಲ.

ಆರನೇ ತಂತಿ: ಮೇಡಂ, ಹೋಗಿ ನೋಡಿಬಂದೆ. ಬ್ಲಾಕಿನ ಮೇಲೆ ಡಿ-28 ಎಂದು ಒತ್ತಿದೆ, ಸಂಖ್ಯೆ ಪಟ್ಟಿಯ ಪ್ರಕಾರ 1968ಕ್ಕೇ ಬೀಳುತ್ತದೆ. ತಿರುಪು ಎಲ್ಲೂ ಇಲ್ಲ. ಕೇಳಿದ್ದಕ್ಕೆ, ಹಿಂದೆ ಇಟ್ಟುಕೊಂಡಿದ್ದವರು ಹೇಳಿದ್ದನ್ನೇ ತಾವೂ ಹೇಳಿದ್ದಾಗಿ ಒಪ್ಪಿಕೊಂಡರು. ಅಳತೆಪಟ್ಟಿ ಬ್ರಿಡ್ಜ್‌ನ ಅರ್ಧ ಎತ್ತರಕ್ಕೆ ಬಡಿಯಿತು. ಬ್ರಿಡ್ಜ್ ದಪ್ಪ 6 ಮಿಲಿಮೀಟರ್.

ರಿಪೇರಿ ಮೇಜು: ಒಳ್ಳೆಯ ಸುದ್ದಿ. ಗಿಟಾರ್ ಹೇಳಿದ್ದೇ ಆಗಿದೆ, ಬ್ರಿಡ್ಜ್ ಹೆರೆದಿದ್ದಾರೆ. ನೆಕ್ ರೀಸೆಟ್ ಮತ್ತು ಹೊಸ ಬ್ರಿಡ್ಜ್, ಎರಡರ ಖರ್ಚನ್ನೂ ಲಿಖಿತವಾಗಿ ಪಡೆದು ಅವರ ಮುಂದಿಡಿ. ಅಷ್ಟು ಇಳಿಸಿದರೆ ಕೊಳ್ಳಿ. ಕಾಗದ ತೂರಿಸಿ ನೋಡಿದಿರಾ?

ಆರನೇ ತಂತಿ: ಮರೆತೆ. ಕೈಗೆ ಬಂದೊಡನೆ ಮತ್ತೆ ನುಡಿಸುತ್ತಾ ಕುಳಿತುಬಿಟ್ಟೆ. ನಾಳೆ ಪುನಃ ಹೋಗುತ್ತೇನೆ.

ರಿಪೇರಿ ಮೇಜು: ಕಾಗದದ ಜೊತೆ ಚಿಕ್ಕ ಕನ್ನಡಿಯನ್ನೂ ಒಯ್ಯಿರಿ. ಬ್ರಿಡ್ಜ್ ಅಡಿಯ ಒಳಪಟ್ಟಿಯಲ್ಲಿ ತಂತಿಗಳ ತುದಿಯ ಗುಂಡುಗಳು ಕೊರೆದ ತೂತುಗಳ ಚಿತ್ರ ಬೇಕು. ಗಿಟಾರ್ ತರುವುದೇ ಆದರೆ ತಂತಿ ಸಡಿಲಿಸಿ, ಒಯ್ಯುವ ಪೆಟ್ಟಿಗೆಯಲ್ಲಿ ತಲೆಭಾಗದ ಎರಡೂ ಬದಿಗೆ ಬಟ್ಟೆ ಒತ್ತಿ ತನ್ನಿ. ದಾರಿಯಲ್ಲಿ ಅದು ಅಲುಗಾಡಬಾರದು.