ಸಹಾಯ ಬೇಕು: ‘ಭಾರೀ’, ‘ದೊಡ್ಡ’, ‘ಹೆ’ ಬಗ್ಗೆ ನಿಮ್ಮೂರಿನ ಮಾತು

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮ ಬೀದಿಯ ಮಕ್ಕಳಿಗಾಗಿ ಪದಗಳ ಕಾರ್ಡ್ ಮಾಡುತ್ತಿದ್ದೇನೆ. ‘ತುಂಬಾ ದೊಡ್ಡದು’ ಅನ್ನೋ ಅರ್ಥದ ಮಾತುಗಳಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

‘ಭಾರೀ’ ಮೊದಲ ತಲೆನೋವು. ಭಾರೀ ಮಳೆ, ಭಾರೀ ಬಂಡೆ ಸರಿ. ಆದರೆ ‘ಅವನು ಭಾರೀ ಆಸಾಮಿ ಕಣಪ್ಪಾ’ ಅಂದರೆ ಮೈಕಟ್ಟಿನ ಮಾತಲ್ಲ, ಅಲ್ವಾ? ಅದು ಹೊಗಳಿಕೆಯೋ ಕುಟುಕೋ ಅನ್ನೋದು ಹೇಳುವವರ ದನಿ ಮೇಲೆ. ಇದನ್ನು ಕಾರ್ಡಿನಲ್ಲಿ ಹೇಗೆ ಬರೆಯೋದು?

‘ದೊಡ್ಡ’ ಇನ್ನೂ ಜಾಸ್ತಿ ಆಟ ಆಡಿಸುತ್ತೆ. ಮೈಸೂರಿನ ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ ಗಾತ್ರದ ಲೆಕ್ಕ. ದೊಡ್ಡಪ್ಪ ವಯಸ್ಸಿನ ಲೆಕ್ಕ. ಚಾಮುಂಡಿ ಬೆಟ್ಟದ ನಂದಿಯನ್ನು ಒಂದೇ ಬಂಡೆಯಲ್ಲಿ ಕೆತ್ತಿಸಿದ್ದು ದೊಡ್ಡದೇವರಾಜ ಒಡೆಯರ ಕಾಲದಲ್ಲಿ (1659–1673). ಅವರ ನಂತರ ಬಂದವರು ಚಿಕ್ಕದೇವರಾಜ ಒಡೆಯರು. ನಂದಿ ನಿಜಕ್ಕೂ ದೊಡ್ಡದು, ಅರಸರ ಹೆಸರಿನ ‘ದೊಡ್ಡ’ಕ್ಕೂ ಎತ್ತರಕ್ಕೂ ಸಂಬಂಧವಿಲ್ಲ.

ಇನ್ನು ‘ಹಿರಿದು’ ಅನ್ನೋದು ಮುಂದಿನ ಪದಕ್ಕೆ ಅಂಟಿಕೊಂಡು ಹೆಬ್ಬಾಗಿಲು, ಹೆಮ್ಮರ, ಹೆದ್ದಾರಿ ಆಗುತ್ತೆ. ನನಗೆ ಇವೇ ಇಷ್ಟ. ಹೆಜ್ಜೇನು ಮಾತ್ರ ಬೇರೆ, ಅದು ಸುಮ್ನೆ ದೊಡ್ಡ ಜೇನಲ್ಲ, ಬೇರೆಯದೇ ಜಾತಿ.

ದಯವಿಟ್ಟು ಎರಡು ಸಹಾಯ ಮಾಡಿ. ಮದ್ದೂರು, ಪಾಂಡವಪುರ, ನಂಜನಗೂಡು ಕಡೆಯ ಹಿರಿಯರು ‘ಭಾರೀ’ ಬಳಸುವ ಒಂದು ಪೂರ್ತಿ ವಾಕ್ಯ ಬರೆದು ಕಳಿಸಿ, ಊರಿನ ಹೆಸರೂ ಇರಲಿ. ಹಾಗೆಯೇ ‘ಹೆ’ ಇಂದ ಶುರುವಾಗುವ ಇಂಥ ಪದ, ಅದರಲ್ಲೂ ಹೊಲ, ಗದ್ದೆ, ಅಡುಗೆಮನೆಯದು ಗೊತ್ತಿದ್ದರೆ ತಿಳಿಸಿ. ನಿಘಂಟಿನದು ಬೇಡ, ಅದು ನನ್ನ ಹತ್ತಿರ ಇದೆ.