ಸಹಾಯ ಬೇಕು: ಹೆದರಿಸದ ಸರಳ ಹ್ಯಾಲೋವೀನ್‌ಗೆ ಐಡಿಯಾ ಕೊಡಿ

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಾಸ್‌ನ ಪ್ಲೇನೋಗೆ ಹೊಸಬರು, ಅಕ್ಟೋಬರ್ 31ಕ್ಕೆ ನಮ್ಮ ಮೊದಲ ಹ್ಯಾಲೋವೀನ್. ಮಗಳಿಗೆ 4 ವರ್ಷ. ಮೊನ್ನೆ ಅಂಗಡಿಯಲ್ಲಿ ಕೆಂಪು ಕಣ್ಣು ಮಿನುಗಿಸುತ್ತಾ ಗಹಗಹಿಸುವ ಪ್ಲಾಸ್ಟಿಕ್ ಅಸ್ಥಿಪಂಜರ ನೋಡಿ ನನ್ನ ವೇಲ್‌ನಲ್ಲಿ ಮುಖ ಮುಚ್ಚಿಕೊಂಡವಳು ಕಾರು ಹತ್ತುವವರೆಗೂ ತೆಗೆಯಲಿಲ್ಲ. ಆದರೂ ವೇಷ ಹಾಕಿಕೊಂಡು ಮಿಠಾಯಿ ಕೇಳೋಕೆ ಮನೆಮನೆಗೆ ಹೋಗಲೇಬೇಕಂತೆ!

ಕತ್ತಲಾಗುವ ಮೊದಲೇ, ಆರು ಗಂಟೆಗೆಲ್ಲ, ನಮ್ಮ ಬೀದಿಯಲ್ಲೇ ಒಂದು ಸುತ್ತು ಹಾಕಿಸೋಣ ಅಂದುಕೊಂಡಿದ್ದೇವೆ. ಹೊರಗಡೆ ಲೈಟ್ ಹಾಕಿರುವ ಮನೆಗೆ ಮಾತ್ರ ಹೋಗಬೇಕು ಅಂತ ಗೊತ್ತು, ಆದರೆ ಅಷ್ಟು ಬೇಗ ಯಾರಾದರೂ ಬಾಗಿಲು ತೆಗೆಯುತ್ತಾರಾ?

ಅಲಂಕಾರಕ್ಕೆ ಎಲ್ಲರಂತೆ ಕುಂಬಳಕಾಯಿ ಕೊರೆಯುವುದು ಬೇಡ, ಸುಮ್ನೆ ಬಣ್ಣ ಹಚ್ಚಿಸೋಣ ಅಂತಿದ್ದೇನೆ. ಪೋಸ್ಟರ್ ಕಲರ್ ನಿಲ್ಲುತ್ತಾ, ಅಕ್ರಿಲಿಕ್ಕೇ ಬೇಕಾ? ಅವಳಿಗೆ ಶೇಂಗಾ ಅಲರ್ಜಿ ಬೇರೆ. ಬಾಗಿಲಲ್ಲಿ ಹಸಿರು ಮಿಶ್ರಿತ ನೀಲಿ ಬಣ್ಣದ ಕುಂಬಳಕಾಯಿ ಇಟ್ಟಿದ್ದರೆ ಆ ಮನೆಯಲ್ಲಿ ತಿಂಡಿ ಅಲ್ಲದ್ದೂ ಸಿಗುತ್ತೆ ಅಂತ ಲೆಕ್ಕ ಅಲ್ವಾ, ನಾವೂ ಒಂದು ಇಟ್ಟು ಸ್ಟಿಕರ್, ಪೆನ್ಸಿಲ್ ಕೊಡುತ್ತೇವೆ. ಇಲ್ಲಿ ಸಾಮಾನ್ಯವಾಗಿ ಎಷ್ಟು ಮಕ್ಕಳು ಬರುತ್ತಾರೆ?

ವೇಷಕ್ಕೆ ಜಾಸ್ತಿ ದುಡ್ಡು ಸುರಿಯುವ ಮನಸ್ಸಿಲ್ಲ. ಜನ್ಮಾಷ್ಟಮಿಗೆ ಹೊಲಿಸಿದ ರಾಧೆಯ ಲಂಗ ಇದೆ, ರಟ್ಟಿನ ರೆಕ್ಕೆ ಕಟ್ಟಿ ಚಿಟ್ಟೆ ಮಾಡಿದರೆ ನಡೆಯುತ್ತಾ? ಪುಟ್ಟ ಮಕ್ಕಳಿರುವವರು ದಯವಿಟ್ಟು ಹೇಳಿ. ಅಕ್ಕಪಕ್ಕದಲ್ಲಿದ್ದರೆ ಜೊತೆಗೇ ಬನ್ನಿ, ಆಮೇಲೆ ನಮ್ಮನೆಯಲ್ಲಿ ಬಿಸಿಬೇಳೆಬಾತ್.