ಪ್ರಶ್ನೋತ್ತರ: ಊರಿಂದ ಬಂದು ಕಂಠೀರವದಲ್ಲಿ ದೊಡ್ಡ ಫುಟ್‌ಬಾಲ್ ಮ್ಯಾಚ್ ನೋಡುವವರಿಗೆ

ಪ್ರಶ್ನೆ (ದಾವಣಗೆರೆಯಿಂದ): ನಮಸ್ಕಾರ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಶನಿವಾರ ಸಂಜೆ 7.30ಕ್ಕೆ ನಾಕೌಟ್ ಪಂದ್ಯ ಇದೆ. ನಾನು, ಹೆಂಡತಿ, ಏಳು ವರ್ಷದ ಮಗ, 66 ವರ್ಷದ ಅಪ್ಪ ಬರುತ್ತಿದ್ದೇವೆ. ಬೆಳಿಗ್ಗೆ ರೈಲಿಗೆ ಬಂದು, ರಾತ್ರಿ ಮೆಜೆಸ್ಟಿಕ್‌ನಿಂದ 10.30ರ ಬಸ್ಸಿಗೆ ವಾಪಸ್. ಬಸ್ ಬುಕ್ ಆಗಿದೆ. ಗಡಿಬಿಡಿ ಇಲ್ಲದೆ ದಿನ ಕಳೆಯೋದು ಹೇಗೆ?

ಉತ್ತರ (ಜನಸಂದಣಿ ನಿರ್ವಹಣೆಯ ಕೆಲಸದವರು): ಸರ್, ಮೊದಲು ಆ ಬಸ್ ಟಿಕೆಟ್ ಬದಲಾಯಿಸಿ. ಮ್ಯಾಚಿನ ದಿನವನ್ನು ಬೆಳಗಿನಿಂದ ಎಣಿಸಬಾರದು, ವಾಪಸ್ ಹೋಗುವ ಬಸ್ಸಿನಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು.

ಲೆಕ್ಕ ನೋಡಿ. 7.30ಕ್ಕೆ ಶುರುವಾದ ಆಟದಲ್ಲಿ 45 ನಿಮಿಷದ ಎರಡು ಅವಧಿ, ನಡುವೆ 15 ನಿಮಿಷ ವಿರಾಮ, ಎರಡೂ ಅವಧಿಗೆ ರೆಫರಿ ಸೇರಿಸುವ ಏಳೆಂಟು ನಿಮಿಷ. ಅಲ್ಲಿಗೆ 9.25. ಲೀಗ್ ಪಂದ್ಯ ಆಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ನಾಕೌಟ್‌ನಲ್ಲಿ ಸೋತವರು ಹೊರಬೀಳಲೇಬೇಕು, ಹಾಗಾಗಿ ಸಮ ಆದರೆ ಚಿಕ್ಕ ವಿರಾಮ, ಮತ್ತೆ 15-15 ನಿಮಿಷ ಆಟ. ಹತ್ತು ಗಂಟೆ ದಾಟಿತು. ಆಗಲೂ ಸಮ ಇದ್ದರೆ ಪೆನಾಲ್ಟಿ, 10.15ರಿಂದ 10.20. ಇದು ಅಪರೂಪ ಅಂದುಕೊಳ್ಳಬೇಡಿ. 2023ರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್) ಚಾಂಪಿಯನ್‌ಷಿಪ್‌ನಲ್ಲಿ ಇದೇ ಕಂಠೀರವದಲ್ಲಿ ಭಾರತ ಆಡಿದ ಸೆಮಿಫೈನಲ್ (ಜುಲೈ 1, ಲೆಬನಾನ್ ವಿರುದ್ಧ), ಫೈನಲ್ (ಜುಲೈ 4, ಕುವೈತ್ ವಿರುದ್ಧ) ಎರಡೂ ಪೆನಾಲ್ಟಿವರೆಗೆ ಹೋದವು. ಫೈನಲ್ 1-1, ಪೆನಾಲ್ಟಿಯಲ್ಲಿ 5-4. ಅಂಥ ಆಟವನ್ನು ಬಸ್ಸಿಗಾಗಿ ನಡುವೆಯೇ ಬಿಟ್ಟು ಏಳುವುದು ಯಾರಿಗೂ ಬೇಡ.

ಮುಂದಿನ ಲೆಕ್ಕ: ಪ್ರೇಕ್ಷಕರು ಕೂರುವ ಸ್ಟ್ಯಾಂಡ್‌ನಿಂದ ರಸ್ತೆಗೆ ಇಳಿಯಲು 20 ನಿಮಿಷ. ಕಬ್ಬನ್ ಪಾರ್ಕ್ ಮೆಟ್ರೋಗೆ ನಡಿಗೆ, ಮಗು ಮತ್ತು ಹಿರಿಯರ ಜೊತೆ 20ರಿಂದ 25 ನಿಮಿಷ. ಪ್ಲಾಟ್‌ಫಾರ್ಮ್‌ನಲ್ಲಿ ಕಾಯುವುದೂ ಸೇರಿ ಮೆಜೆಸ್ಟಿಕ್‌ಗೆ 20 ನಿಮಿಷ. 11.25 ಆಯಿತು. ರೈಲ್ವೆ ಕ್ಲೋಕ್ ರೂಮ್‌ನಲ್ಲಿ ಲಗೇಜ್ ಇಟ್ಟಿದ್ದರೆ ಅದನ್ನು ಬಿಡಿಸಿಕೊಂಡು ರಸ್ತೆ ದಾಟಿ ಬಸ್ ನಿಲ್ದಾಣಕ್ಕೆ ಬರಲು ಇನ್ನರ್ಧ ಗಂಟೆ. ಹಾಗಾಗಿ 12ರ ನಂತರದ ಬಸ್ ಹಿಡಿಯಿರಿ.

ಬುಕ್ ಮಾಡುವಾಗ ಒಂದು ಎಚ್ಚರ: ರಾತ್ರಿ 12.05ರ ಬಸ್ಸಿನ ತಾರೀಕು ಭಾನುವಾರದ್ದು. ಶನಿವಾರ ಅಂತ ಒತ್ತಿದರೆ ನಿಮ್ಮ ಬಸ್ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಉತ್ತರ (ಪ್ರವಾಸ ಏರ್ಪಾಡಿನ ಕೆಲಸದವರು): ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ತುಮಕೂರು ರಸ್ತೆಯ ಬಸ್ಸುಗಳಿಗೆ ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್ ಕಡೆಯೂ ಹತ್ತುವ ಜಾಗ ಕೊಟ್ಟಿರುತ್ತಾರೆ. ಹಸಿರು ಮಾರ್ಗದ ಮೆಟ್ರೋ ಅಲ್ಲಿಗೇ ಹೋಗುತ್ತದೆ. ಬಸ್ಸು ಮೆಜೆಸ್ಟಿಕ್ ಬಿಟ್ಟು ಅಲ್ಲಿಗೆ ಬರುವಷ್ಟರಲ್ಲಿ ನಿಮಗೆ ಹೆಚ್ಚು ಸಮಯ ಸಿಗುತ್ತದೆ. ಒಬ್ಬಿಬ್ಬರು ಹುಡುಗರಾದರೆ ಇದೇ ಒಳ್ಳೆಯದು. ಆದರೆ ನಡುರಾತ್ರಿ ಹೆದ್ದಾರಿ ಪಕ್ಕ ಮಗುವನ್ನೂ ಹಿರಿಯರನ್ನೂ ನಿಲ್ಲಿಸಿಕೊಳ್ಳುವುದು ಬೇಡ, ನೀವು ಮೆಜೆಸ್ಟಿಕ್‌ನಲ್ಲೇ ಹತ್ತಿ. ಮೆಟ್ರೋದ ಕೊನೆಯ ರೈಲು ಎಷ್ಟಕ್ಕೆ ಅಂತ ಅದೇ ದಿನ ಬೆಳಿಗ್ಗೆ ಆ್ಯಪಿನಲ್ಲಿ ನೋಡಿಕೊಳ್ಳಿ. ಟಿಕೆಟ್ ಕೌಂಟರಿನ ಕ್ಯೂ ತಪ್ಪಿಸಲು ಎಲ್ಲರಿಗೂ ಬೆಳಿಗ್ಗೆಯೇ ಕಾರ್ಡ್ ಮಾಡಿಸಿ ದುಡ್ಡು ಹಾಕಿಸಿಬಿಡಿ.

ಲಗೇಜ್ ವಿಷಯ: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಕ್ಲೋಕ್ ರೂಮ್‌ನಲ್ಲಿ ಬೀಗ ಇಲ್ಲದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ, ರೈಲು ಟಿಕೆಟ್ಟನ್ನೂ ಕೇಳುತ್ತಾರೆ. ಊರಿಂದಲೇ ಎರಡು ಸಣ್ಣ ಬೀಗ ತನ್ನಿ. ಬ್ಯಾಗ್ ಹೊತ್ತುಕೊಂಡು ಸೀದಾ ಕ್ರೀಡಾಂಗಣದ ಗೇಟಿಗೆ ಹೋಗಬೇಡಿ, ಅಲ್ಲಿ ಇಡಲು ಜಾಗ ಇರುತ್ತದೆ ಅನ್ನುವ ನಂಬಿಕೆಯಲ್ಲಿ ಬಂದವರು ಕಷ್ಟಪಡುತ್ತಾರೆ.

ಪ್ರಶ್ನೆ (ಹಾಸನದಿಂದ): ಆಟೋದವರಿಗೆ ಫುಟ್‌ಬಾಲ್ ಸ್ಟೇಡಿಯಂ ಅಂದರೆ ಸಾಕಾ?

ಉತ್ತರ (ಪ್ರವಾಸ): ಖಂಡಿತ ಹಾಗೆ ಹೇಳಬೇಡಿ. ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ಅಂತ ಬೇರೆಯೇ ಇದೆ, ಅಶೋಕನಗರದಲ್ಲಿ, ಗರುಡಾ ಮಾಲ್ ಹತ್ತಿರ. ಬೆಂಗಳೂರು ಎಫ್‌ಸಿ ಕ್ಲಬ್ 2013ರಲ್ಲಿ ಶುರುವಾದಾಗ ಮೊದಲ ಸೀಸನ್ ಆಡಿದ್ದು ಅಲ್ಲೇ, ಕಂಠೀರವಕ್ಕೆ ಬಂದದ್ದು ಆಮೇಲೆ. ಬರೀ ‘ಕಂಠೀರವ’ ಅಂದರೂ ಸಾಲದು, ಪಕ್ಕದಲ್ಲೇ ಒಳಾಂಗಣ ಕ್ರೀಡಾಂಗಣ ಇದೆ, ಅದಕ್ಕೂ ಅದೇ ಹೆಸರು. ‘ಕಂಠೀರವ ಔಟ್‌ಡೋರ್, ಕಸ್ತೂರಬಾ ರಸ್ತೆ’ ಎನ್ನಿ, ಟಿಕೆಟ್‌ನಲ್ಲಿರುವ ಗೇಟ್ ಯಾವ ರಸ್ತೆಗೆ ಬರುತ್ತದೆ ಅಂತ ಮೊದಲೇ ನಕ್ಷೆಯಲ್ಲಿ ನೋಡಿ. ಬಿಎಂಟಿಸಿ ಬಸ್ಸಾದರೆ ಕಾರ್ಪೊರೇಷನ್ ಸ್ಟಾಪ್‌ನಲ್ಲಿ ಇಳಿದು, ಹಡ್ಸನ್ ವೃತ್ತ ದಾಟಿ ನಡೆಯಿರಿ.

ವಿಮಾನದಲ್ಲಿ ಬರುವವರು ಕೆಐಎ-9 ವಾಯುವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬನ್ನಿ. ಶುಕ್ರವಾರ ಸಂಜೆ ಬಳ್ಳಾರಿ ರಸ್ತೆಯಲ್ಲಿ ಎರಡು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. ಮ್ಯಾಚಿನ ದಿನ ಮಧ್ಯಾಹ್ನ ಎರಡರ ಒಳಗೆ ಇಳಿಯದ ವಿಮಾನ ಬೇಡ.

ಪ್ರಶ್ನೆ (ಶಿವಮೊಗ್ಗದಿಂದ): ಗೇಟಿನಲ್ಲಿ ಏನೇನು ಬಿಡಲ್ಲ? ಮೊಬೈಲ್ ಟಿಕೆಟ್‌ಗೆ ಸ್ಕ್ರೀನ್‌ಶಾಟ್ ಸಾಕಾ?

ಉತ್ತರ (ಜನಸಂದಣಿ): ನೀರಿನ ಬಾಟಲಿ, ಪವರ್ ಬ್ಯಾಂಕ್, ಲೈಟರ್, ಛತ್ರಿ, ಹೆಲ್ಮೆಟ್, ದೊಡ್ಡ ಬ್ಯಾಗ್. ಎಷ್ಟೋ ಸಲ ನಾಣ್ಯವನ್ನೂ ಬಿಡುವುದಿಲ್ಲ, ಮೈದಾನಕ್ಕೆ ಎಸೆಯಬಹುದು ಅಂತ. ಪಂದ್ಯದಿಂದ ಪಂದ್ಯಕ್ಕೆ ಪಟ್ಟಿ ಬದಲಾಗುತ್ತದೆ, ಟಿಕೆಟ್ ಹಿಂದಿನ ಸಣ್ಣ ಅಕ್ಷರ ಓದಿ. ಪವರ್ ಬ್ಯಾಂಕ್ ಇಲ್ಲ ಅಂದಮೇಲೆ ಫೋನು ಮಧ್ಯಾಹ್ನವೇ ಪೂರ್ತಿ ಚಾರ್ಜ್ ಆಗಿರಬೇಕು. ಒಳಗೆ ಸಾವಿರಾರು ಫೋನುಗಳು ಒಂದೇ ಟವರಿಗೆ ಜೋತುಬಿದ್ದು ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಇಳಿಯುತ್ತದೆ. ಆಟ ನೋಡುವಾಗ ಫ್ಲೈಟ್ ಮೋಡ್‌ನಲ್ಲಿಡಿ.

ಸ್ಕ್ರೀನ್‌ಶಾಟ್ ಬಗ್ಗೆ: ಕೆಲವು ಟಿಕೆಟ್‌ಗಳ ಕ್ಯೂಆರ್ ಕೋಡ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅದಕ್ಕೆ ಸ್ಕ್ರೀನ್‌ಶಾಟ್ ನಡೆಯದು. ಮೆಟ್ರೋ ಇಳಿದ ಕೂಡಲೇ, ಸಿಗ್ನಲ್ ಇರುವಾಗಲೇ ಆ್ಯಪ್ ತೆರೆದು ಟಿಕೆಟ್ ಪರದೆಯ ಮೇಲೆ ತಂದಿಟ್ಟುಕೊಳ್ಳಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ. ಒಬ್ಬರ ಫೋನಿನಲ್ಲೇ ನಾಲ್ಕು ಟಿಕೆಟ್ ಇದ್ದರೆ ನಾಲ್ವರೂ ಒಟ್ಟಿಗೇ ಗೇಟು ದಾಟಬೇಕಾಗುತ್ತದೆ. ಆದಷ್ಟು ಅವರವರ ಫೋನಿಗೆ ಕಳಿಸಿಬಿಡಿ.

7.30ರ ಪಂದ್ಯಕ್ಕೆ 6ಕ್ಕೆ ಗೇಟಿನ ಬಳಿ ಇರಿ. 7ರಿಂದ 7.20 ಅತಿ ಕೆಟ್ಟ ಹೊತ್ತು. ಆಗ ಬಂದವರಿಗೆ ಒಳಗಿನ ಕೂಗು ಕೇಳಿ ಅವಸರ ಹುಟ್ಟುತ್ತದೆ, ಹಿಂದಿನವರು ತಳ್ಳುತ್ತಾರೆ, ಮುಂದಿನವರಿಗೆ ಹೋಗಲು ಜಾಗ ಇರುವುದಿಲ್ಲ.

ಪ್ರಶ್ನೆ (ತುಮಕೂರಿನಿಂದ): ನೂಕುನುಗ್ಗಲು ಅಂದರೇ ಈಗ ಭಯ. ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಉತ್ತರ (ಜನಸಂದಣಿ): ಭಯ ಸಹಜ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜೀವ ಹೋದದ್ದನ್ನು ಈ ಊರು ಮರೆಯಲಾರದು. ಅಲ್ಲಿ ಜನ ಸಿಕ್ಕಿಬಿದ್ದದ್ದು ಗೇಟುಗಳ ಹೊರಗೆ ಎನ್ನುವುದನ್ನು ನೆನಪಿಡಿ. ಸೀಟ್ ನಂಬರ್ ಇರುವ ಟಿಕೆಟ್ ಕೈಯಲ್ಲಿದ್ದು, ಬೇಗ ಬಂದವರಿಗೆ ಅಪಾಯ ಬಹಳ ಕಡಿಮೆ. ಟಿಕೆಟ್ ಇಲ್ಲದೆ, ಸಿಕ್ಕರೆ ನೋಡೋಣ ಅಂತ ಗೇಟಿನ ಬಳಿಗೆ ಯಾರೂ ಬರಬೇಡಿ, ಬಂಧುಗಳನ್ನೂ ಕರೆತರಬೇಡಿ.

ಗುರುತು ಹೀಗೆ: ಒಂದು ಚದರ ಮೀಟರಿನಲ್ಲಿ ಐದಕ್ಕಿಂತ ಹೆಚ್ಚು ಜನ ಸೇರಿದರೆ ನಿಮ್ಮ ಹೆಜ್ಜೆ ನಿಮ್ಮದಾಗಿರುವುದಿಲ್ಲ. ಎರಡೂ ಭುಜಕ್ಕೆ ಬೇರೆಯವರ ಮೈ ಒಟ್ಟಿಗೆ ತಾಗಿತು ಅಂದರೆ ಅದು ಮೊದಲ ಸೂಚನೆ, ಆಗಲೇ ಪಕ್ಕಕ್ಕೆ ಸರಿಯಿರಿ. ಸಿಕ್ಕಿಕೊಂಡರೆ ಎರಡೂ ಮುಂಗೈ ಮಡಿಸಿ ಎದೆಯ ಮುಂದೆ ಇಟ್ಟುಕೊಳ್ಳಿ, ಉಸಿರಾಡಲು ಅಷ್ಟು ಜಾಗ ಸಾಕು. ಜನರ ಅಲೆಗೆ ಎದುರಾಗಿ ತಳ್ಳಬೇಡಿ. ಅದು ನಿಂತ ಕ್ಷಣದಲ್ಲಿ ಓರೆಯಾಗಿ ಎರಡು ಹೆಜ್ಜೆ ಅಂಚಿನ ಕಡೆಗೆ, ಮತ್ತೆ ನಿಂತಾಗ ಎರಡು ಹೆಜ್ಜೆ. ಗೋಡೆ, ಬ್ಯಾರಿಕೇಡ್‌ಗೆ ಒರಗಿ ನಿಲ್ಲಬೇಡಿ. ಫೋನು, ಚಪ್ಪಲಿ ಏನೇ ಬಿದ್ದರೂ ಬಗ್ಗಬೇಡಿ. ಅಂದು ಬಿಗಿಯಾದ ಶೂ ಹಾಕಿಕೊಳ್ಳಿ.

ಮಗುವಿನ ಮಣಿಕಟ್ಟಿಗೆ ಒಂದು ಬೆರಳಗಲದ ಕಾಗದದ ಪಟ್ಟಿ ಸುತ್ತಿ. ಅದರ ಮೇಲೆ ಇಬ್ಬರ ಫೋನ್ ನಂಬರು, ಸ್ಟ್ಯಾಂಡ್ ಹೆಸರು, ಸೀಟ್ ನಂಬರು. ಬಾಲ್ ಪೆನ್ನಿನಲ್ಲೇ ಬರೆಯಿರಿ, ಜೆಲ್ ಪೆನ್ನಿನ ಶಾಯಿ ಬೆವರಿಗೆ ಹರಡಿಬಿಡುತ್ತದೆ. ಮೇಲೆ ಪೂರ್ತಿ ಸೆಲ್ಲೋಟೇಪ್ ಸುತ್ತಿ, ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಸ್ಟ್ಯಾಂಡ್ ಹತ್ತಿದ ಮೇಲೆ ಜಾಕೆಟ್ ಹಾಕಿದ ಸಿಬ್ಬಂದಿಯನ್ನು ತೋರಿಸಿ, ‘ಅಪ್ಪ ಕಾಣದಿದ್ದರೆ ಇವರ ಹತ್ತಿರ ಹೋಗು’ ಅಂತ ಹೇಳಿಕೊಡಿ. ಡ್ರಮ್ ಬಾರಿಸುವ ಅಭಿಮಾನಿಗಳ ಪಕ್ಕ ಮಕ್ಕಳಿಗೆ ಕಷ್ಟ, ಸೀಟ್ ಆರಿಸುವಾಗಲೇ ದೂರ ಇರಿ.

ಪ್ರಶ್ನೆ (ಮೈಸೂರಿನಿಂದ): ಒಬ್ಬಳೇ ಬರುತ್ತಿದ್ದೇನೆ. ರಾತ್ರಿ ಹೊರಬರುವಾಗ ಯಾವ ದಾರಿ?

ಉತ್ತರ (ಪ್ರವಾಸ): ಮೇಡಂ, ಕಬ್ಬನ್ ಪಾರ್ಕ್ ಒಳಗಿನ ಅಡ್ಡದಾರಿ ಬೇಡ. ಕಸ್ತೂರಬಾ ರಸ್ತೆಯಲ್ಲೇ, ಜನ ಹೋಗುವ ಕಡೆಯೇ ಮೆಟ್ರೋವರೆಗೆ ನಡೆಯಿರಿ. ಗೇಟಿನ ಮುಂದೆಯೇ ಆಟೋ, ಕ್ಯಾಬ್ ಬುಕ್ ಮಾಡಿದರೆ ಗಾಡಿ ಜನರ ನಡುವೆ ಸಿಕ್ಕಿ ಕ್ಯಾನ್ಸಲ್ ಆಗುತ್ತದೆ, ದರವೂ ಏರಿರುತ್ತದೆ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದ ಕಡೆಗೂ ಅದೇ ನೇರಳೆ ಮಾರ್ಗದ ಮೆಟ್ರೋ, ರೈಲು ಬದಲಿಸಬೇಕಿಲ್ಲ.

ಪ್ರಶ್ನೆ (ದಾವಣಗೆರೆಯಿಂದ): ಬಸ್ 12.05ಕ್ಕೆ ಬದಲಾಯಿಸಿದೆ ಸರ್, ತಾರೀಕು ಭಾನುವಾರದ್ದೇ ಹಾಕಿದೆ. ಅಪ್ಪನಿಗೆ ಮಂಡಿನೋವು. ಮೊದಲ ಸಾಲು ತೆಗೆದುಕೊಳ್ಳಲಾ? ಮಳೆ ಬಂದರೆ?

ಉತ್ತರ (ಜನಸಂದಣಿ): ಒಳ್ಳೆಯದಾಯಿತು ಸರ್. ಮೊದಲ ಸಾಲು ಬೇಡ. ಇಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ಎಂಟು ಲೇನ್ ಅಂದರೆ ಹತ್ತು ಮೀಟರ್ ಹತ್ತಿರ. ಕೆಳಗೆ ಕೂತರೆ ಆಚೆ ಬದಿಯ ಆಟ ಕಾಣದೆ ಬರೀ ಕಾಲುಗಳು ಕಾಣುತ್ತವೆ. ಗೋಲಿನ ಹಿಂದಿನ ತಿರುವಿನ ಸ್ಟ್ಯಾಂಡ್‌ನಿಂದ ಎದುರಿನ ಗೋಲು ಸುಮಾರು 140 ಮೀಟರ್ ದೂರ. ಉದ್ದದ ಬದಿಯಲ್ಲಿ, ಎಂಟರಿಂದ ಹನ್ನೆರಡನೆಯ ಸಾಲು, ಮೆಟ್ಟಿಲ ಪಕ್ಕದ ಸೀಟು ಅಪ್ಪನಿಗೆ ಸರಿ. ಹತ್ತುವ ಮೆಟ್ಟಿಲೂ ಕಡಿಮೆ, ಕಾಲು ಚಾಚಲೂ ಜಾಗ. ಸಂಜೆ ಐದರ ಪಂದ್ಯವಾದರೆ ಪಶ್ಚಿಮದ ಬದಿ ಆರಿಸಿ, ಬಿಸಿಲು ಬೆನ್ನಿಗಿರುತ್ತದೆ. 7.30ಕ್ಕೆ ಆ ಚಿಂತೆ ಇಲ್ಲ.

ಮಳೆಗೆ ಛತ್ರಿ ಬಿಡುವುದಿಲ್ಲವಾದ್ದರಿಂದ ಮಡಿಸಿ ಜೇಬಿಗೆ ಹಾಕುವ ತೆಳು ರೇನ್‌ಕೋಟ್ ನಾಲ್ಕು, ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಕವರ್. ಊಟ ಐದೂವರೆಯೊಳಗೆ ಮುಗಿಸಿ. ಅಪ್ಪನ ರಾತ್ರಿ ಮಾತ್ರೆಯನ್ನು ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನಲ್ಲೇ, ಡಾಕ್ಟರ ಚೀಟಿಯ ಜೊತೆ ತನ್ನಿ, ಬಿಡಿಸಿ ಡಬ್ಬಿಗೆ ಹಾಕಿದ ಮಾತ್ರೆಗೆ ಗೇಟಿನಲ್ಲಿ ಪ್ರಶ್ನೆ ಬರುತ್ತದೆ. ಶಿಳ್ಳೆ ಊದಿದ ಮೇಲೆ ಹತ್ತು ನಿಮಿಷ ಕೂತಲ್ಲೇ ಕೂತಿರಿ. ಆಟಗಾರರು ಸ್ಟ್ಯಾಂಡ್‌ಗಳ ಮುಂದೆ ಬಂದು ಚಪ್ಪಾಳೆ ತಟ್ಟುವುದು ಆಗಲೇ. ಮಗನೂ ನೋಡಲಿ, ಅಷ್ಟರಲ್ಲಿ ಮೆಟ್ಟಿಲುಗಳೂ ಖಾಲಿಯಾಗಿರುತ್ತವೆ.